ಉಳಿದ ಗೂಡು: ಸೊನ್ನೆ

ಅವಳನ್ನು ಎಲ್ಲರೂ ಹುಳದಕ್ಕ ಎಂದೇ ಕರೆಯುತ್ತಿದ್ದರು. ಎಲ್ಲರೂ ಎಂದರೆ ದೊಡ್ಡ ಗುಂಪೇನಲ್ಲ: ಬೆಟ್ಟದ ಬುಡದಲ್ಲಿ ಕೂರುವ ಗೇಟಿನವನು, ತಿಂಗಳಿಗೊಮ್ಮೆ ಹತ್ತಿ, ಸ್ಪಿರಿಟ್ಟು ತಂದಿಳಿಸುವ ಜೀಪಿನ ಡ್ರೈವರು, ಇವರಿಬ್ಬರ ಬಾಯಿಂದ ಕಲಿತ ಕಚೇರಿಯ ಒಂದಿಬ್ಬರು, ಅಷ್ಟೇ. ಹೆಸರಿಟ್ಟವರಲ್ಲಿ ಕೆಟ್ಟ ಬುದ್ಧಿಯಿರಲಿಲ್ಲ. ಗುಹೆಯ ಗೋಡೆಯ ಮೇಲಿನ ಹಳೆಯ ಚಿತ್ರಗಳನ್ನು ಹುಳಗಳಿಂದ ಕಾಪಾಡುವುದು ಅವಳ ಉದ್ಯೋಗ. ಇಪ್ಪತ್ತೊಂದು ವರ್ಷ ಅದನ್ನೇ ಮಾಡಿದವಳನ್ನು ಹುಳದಕ್ಕ ಅನ್ನದೆ ಇನ್ನೇನು ಅನ್ನುತ್ತಾರೆ?

ಚಿತ್ರ ಕೆಡುವುದು ಮಳೆಯಿಂದ, ಕಳ್ಳರಿಂದ, ಗೋಡೆಯ ಮೇಲೆ ಹೆಸರು ಕೆತ್ತುವ ಪ್ರೇಮಿಗಳಿಂದ ಎಂದು ಹೊರಗಿನವರು ತಿಳಿದಿರುತ್ತಾರೆ. ಅವರೆಲ್ಲ ಬಂದುಹೋಗುವವರು. ಹುಳ ಬಂದರೆ ಸಂಸಾರ ಹೂಡುತ್ತದೆ. ಆ ಕಾಲದ ಚಿತ್ರಗಾರರು ಬಂಡೆಗೆ ಮೆತ್ತಿದ ಗಾರೆಯಲ್ಲಿ ಮಣ್ಣಿನ ಜೊತೆ ಹೊಟ್ಟು, ನಾರು, ಗಿಡದ ಅಂಟು ಎಲ್ಲ ಕಲಸಿದ್ದರು. ನಮ್ಮ ಕಣ್ಣಿಗೆ ಅದು ಚಿತ್ರ. ಹಳೆಯ ಪುಸ್ತಕ ತೆರೆದಾಗ ಮಿಂಚಿ ಓಡುತ್ತದಲ್ಲ, ಆ ಬೆಳ್ಳಿ ಬಣ್ಣದ ಹುಳಕ್ಕೆ ಅದು ಬಡಿಸಿಟ್ಟ ಊಟ. ಗೆದ್ದಲು ಹಿಂದಿನಿಂದ ಬಂದು ಗಾರೆಯನ್ನು ಪೊಳ್ಳು ಮಾಡುತ್ತದೆ. ಆದರೆ ಇವೆರಡಕ್ಕಿಂತ ಹೆಚ್ಚಾಗಿ ಹುಳದಕ್ಕನ ತಲೆ ತಿನ್ನುತ್ತಿದ್ದುದು ಕುಂಬಾರ ಹುಳ. ಅದು ಚಿತ್ರವನ್ನು ತಿನ್ನುವುದಿಲ್ಲ, ಪಾಪ. ಬಾಯಲ್ಲಿ ಹಸಿ ಮಣ್ಣಿನ ಉಂಡೆ ಹೊತ್ತು ತಂದು, ಗೋಡೆ ಎಲ್ಲಿ ಒಣಗಿ ಬೆಚ್ಚಗಿದೆಯೋ ಅಲ್ಲಿ ಪುಟ್ಟ ಮಡಕೆಯಂಥ ಗೂಡು ಕಟ್ಟುತ್ತದೆ. ಒಳಗೆ ಎಳೆಯ ಹಸಿರು ಹುಳಗಳನ್ನು ತುಂಬಿ, ಮೊಟ್ಟೆಯಿಟ್ಟು, ಬಾಯಿ ಮುಚ್ಚಿ ಹೋಗಿಬಿಡುತ್ತದೆ. ಅದಕ್ಕೆ ಬೆಟ್ಟದ ಬಂಡೆಯೂ ಒಂದೇ, ರಾಜನ ಮೂಗೂ ಒಂದೇ.

ಹಸಿಯಿದ್ದಾಗ ತೆಗೆದರೆ ಗೂಡು ಸುಮ್ಮನೆ ಕೈಗೆ ಬರುತ್ತದೆ. ನಾಲ್ಕು ದಿನ ಬಿಟ್ಟರೆ ಒಣಗಿ ಕಲ್ಲಾಗಿ ಕೆಳಗಿನ ಬಣ್ಣವನ್ನು ಕಚ್ಚಿಕೊಳ್ಳುತ್ತದೆ. ಆಮೇಲೆ ಕಿತ್ತರೆ ಬಣ್ಣವೂ ಜೊತೆಗೇ ಬರುತ್ತದೆ. ಇನ್ನೊಂದು ಕೆಟ್ಟ ಗುಣವೆಂದರೆ, ಗೂಡಿನಿಂದ ಹೊರಬಿದ್ದ ಹೆಣ್ಣುಹುಳಗಳು ತಾವು ಹುಟ್ಟಿದ ಜಾಗದ ಆಸುಪಾಸಿನಲ್ಲೇ ಮತ್ತೆ ಗೂಡು ಕಟ್ಟುತ್ತವೆ. ಹಾಗಾಗಿ ಇಲಾಖೆಯ ನಿಯಮ ಒಂದೇ ಸಾಲಿನದು: ಕಂಡ ಗೂಡನ್ನು ಕಂಡ ದಿನವೇ ತೆಗೆಯಬೇಕು, ಬರಿಯ ಬಂಡೆಯ ಮೇಲಿದ್ದರೂ ಬಿಡಬಾರದು. ದಿನವೂ ರಿಜಿಸ್ಟರಿನಲ್ಲಿ ಎರಡು ಕಾಲಂ ತುಂಬಬೇಕು. ಒಂದು, ತೆಗೆದ ಗೂಡು. ಇನ್ನೊಂದು, ಉಳಿದ ಗೂಡು. ಮೊದಲನೆಯದರಲ್ಲಿ ಒಂದು ದಿನ ಎರಡು, ಒಂದು ದಿನ ಐದು ಎಂದು ಅಂಕಿ ಬದಲಾಗುತ್ತಿತ್ತು. ಎರಡನೆಯದರಲ್ಲಿ ಇಪ್ಪತ್ತು ವರ್ಷ ಸೊನ್ನೆಯಲ್ಲದೆ ಬೇರೇನೂ ಬಿದ್ದಿರಲಿಲ್ಲ. ಆ ಸೊನ್ನೆಗಳ ಬಗ್ಗೆ ಹುಳದಕ್ಕನಿಗೆ ಸಣ್ಣ ಜಂಬವೇ ಇತ್ತು.

ಗೋಡೆಯ ತುಂಬ ಒಂದು ಮೆರವಣಿಗೆ ಇತ್ತು. ನಡುವೆ ಪಲ್ಲಕ್ಕಿ, ಅದರಲ್ಲೊಬ್ಬ ದಪ್ಪ ಮನುಷ್ಯ, ಸುತ್ತ ನಲವತ್ತಮೂರು ಜನ. ನಲವತ್ತೆರಡು ಜನ ಬಾಯಿ ಬಿಟ್ಟುಕೊಂಡು ಪಲ್ಲಕ್ಕಿಯನ್ನೇ ನೋಡುತ್ತಿದ್ದರು. ಎಡಗಡೆ ಕೆಳಮೂಲೆಯಲ್ಲಿ ಸೊಂಟದ ಮೇಲೆ ಬಿಂದಿಗೆ ಇಟ್ಟುಕೊಂಡ ಹೆಂಗಸೊಬ್ಬಳು ಮಾತ್ರ ಕತ್ತು ತಿರುಗಿಸಿ ಗೋಡೆಯಿಂದ ಹೊರಕ್ಕೆ ನೋಡುತ್ತಿದ್ದಳು. ಅಂಗೈಯಷ್ಟು ಮುಖ. ಎರಡು ಕಣ್ಣು, ಒಂದೊಂದೂ ಅಕ್ಕಿಕಾಳಿಗಿಂತ ತುಸು ದೊಡ್ಡದು. ಮುಂದೆ ಯಾರು ನಿಂತರೆ ಅವರನ್ನೇ ನೋಡುವ ಕಣ್ಣು ಅವು. ಹದಿನಾಲ್ಕು ವರ್ಷದ ಹಿಂದೆ, ಜನರ ಉಸಿರಿನ ಹಸಿಗೆ ಬಣ್ಣ ಏಳುತ್ತಿದೆಯೆಂದು ಇಲಾಖೆ ಗುಹೆಗೆ ಬಾಗಿಲು ಹಾಕಿತು. ಅಲ್ಲಿಂದೀಚೆಗೆ ಅವಳ ಮುಂದೆ ನಿಲ್ಲುತ್ತಿದ್ದುದು ಹುಳದಕ್ಕ ಒಬ್ಬಳೇ. ಹಾಗಾಗಿ ಅವಳು ಈ ಹದಿನಾಲ್ಕು ವರ್ಷ ನೋಡಿದ್ದೂ ಹುಳದಕ್ಕನನ್ನೇ. ಬೆಳಿಗ್ಗೆ ಬಾಗಿಲು ತೆರೆದು, ಚಪ್ಪಲಿ ಕಳಚಿ, ಟಾರ್ಚು ಹೊತ್ತಿಸಿ ಹುಳದಕ್ಕ ಮೊದಲು ಹೋಗುತ್ತಿದ್ದುದು ಆ ಮೂಲೆಗೆ. "ಬಂದೆ ಕಣೆ," ಅನ್ನುತ್ತಿದ್ದಳು. ಹುಚ್ಚಿಯೇನಲ್ಲ ಅವಳು. ದಿನಕ್ಕೊಂದು ಸಲವಾದರೂ ಬಾಯಿ ತೆರೆಯದಿದ್ದರೆ ನಾಲಿಗೆ ಬಿದ್ದುಹೋಗುತ್ತದೆ ಎಂಬ ಭಯ ಅಷ್ಟೇ.

ಬೆಟ್ಟದ ಬುಡದಿಂದ ಗುಹೆಗೆ ನೂರ ಅರವತ್ತೆರಡು ಮೆಟ್ಟಿಲು. ಕೆಳಗೆ ಅವಳಿಗೊಂದು ಕೋಣೆ ಕೊಟ್ಟಿದ್ದರು. ಒಂದು ಮಂಚ, ಒಂದು ಸ್ಟೌವು, ಎದುರಿನ ಗೋಡೆಯನ್ನೇ ದಿಟ್ಟಿಸುವ ಒಂದು ಕಿಟಕಿ. ಗೇಟಿನವನು ಹನ್ನೆರಡು ವರ್ಷದಿಂದ ಅಲ್ಲೇ ಇದ್ದ. ಬಾರದ ಜನರನ್ನು ತಡೆಯುವುದು ಅವನ ಕೆಲಸ. ಅದನ್ನು ಅವನು ಕುರ್ಚಿಯಲ್ಲಿ ಕಣ್ಣು ಮುಚ್ಚಿಕೊಂಡೇ ನಿಭಾಯಿಸುತ್ತಿದ್ದ. ಹೊಟ್ಟೆ ಸ್ವಲ್ಪ ಮುಂದೆ ಬಂದವನು, ಮೆಟ್ಟಿಲು ಕಂಡರೆ ಆಗದವನು. "ಹೋಗ್ಬಂದ್ರಾ ಅಕ್ಕ?" ಎಂದು ಸಂಜೆ ಕೇಳುತ್ತಿದ್ದ. "ಹೂಂ," ಅನ್ನುತ್ತಿದ್ದಳು. ದಿನದ ಮಾತುಕತೆ ಅಲ್ಲಿಗೆ ಮುಗಿಯುತ್ತಿತ್ತು.

ಭಾನುವಾರ ಅವಳ ಅಕ್ಕ ಫೋನು ಮಾಡುತ್ತಿದ್ದಳು. ಐದು ವರ್ಷ ದೊಡ್ಡವಳು, ರೈಲಿನಲ್ಲಿ ಒಂದು ಹಗಲಿನಷ್ಟು ದೂರದ ಊರಿನಲ್ಲಿ ಭಾವನ ಜೊತೆ ಇದ್ದಳು. ಮಾತೆಲ್ಲ ಅಕ್ಕನದೇ. ನೀರಿನ ಮೋಟಾರು ಕೆಟ್ಟಿದ್ದು, ಭಾವನಿಗೆ ಒಂದು ಕಿವಿ ಕೇಳಿಸದೆ ಟಿವಿ ಕೂಗಾಡುವುದು, ಮೇಲಿನ ಮನೆಯವರ ಜಗಳ. ಕೊನೆಗೆ, ಆ ಗೋಡೆ ಜೊತೆ ಇನ್ನೆಷ್ಟು ವರ್ಷ ಸಂಸಾರ ಮಾಡ್ತೀಯ, ನಮ್ಮನೆಗೆ ಬಂದಿರಬಾರದಾ ಎಂದು ಕೇಳುತ್ತಿದ್ದಳು. ಹುಳದಕ್ಕ ನಕ್ಕು ಬೇರೆ ಮಾತು ತೆಗೆಯುತ್ತಿದ್ದಳು. ಫೋನಿಟ್ಟ ಮೇಲೆ ಕೋಣೆ ಮೊದಲಿಗಿಂತ ದೊಡ್ಡದಾಗಿ ಕಾಣುತ್ತಿತ್ತು.

ಹೋದ ವರ್ಷ ಮಳೆ ಮುಗಿದ ಹೊಸತರಲ್ಲಿ ಗೇಟಿನವನು ನಾಲ್ಕು ದಿನ ರಜೆ ಹಾಕಿದ. ಆ ಭಾನುವಾರ ಅಕ್ಕನ ಫೋನೂ ಬರಲಿಲ್ಲ. ಅವರು ಎಲ್ಲೋ ನೆಂಟರ ಮನೆಗೆ ಹೋಗಿದ್ದರು. ನಾಲ್ಕನೆಯ ದಿನ ಬೆಳಿಗ್ಗೆ ಗುಹೆಯಲ್ಲಿ ಹುಳದಕ್ಕ "ಬಂದೆ ಕಣೆ" ಎಂದಾಗ ಗಂಟಲಿನಿಂದ ಬಂದದ್ದು ಯಾರದೋ ಸ್ವರ. ಕೆಮ್ಮಿ ಸರಿಮಾಡಿಕೊಂಡಳು. ಆಗಲೇ ಆ ಸದ್ದು ಕೇಳಿಸಿತು.

ಬಾಗಿಲಿನ ಪಕ್ಕದ ಬರಿಬಂಡೆಯ ಬಿರುಕಿನಲ್ಲಿ ಒಂದು ಕುಂಬಾರ ಹುಳ ಕೆಲಸಕ್ಕೆ ಕೂತಿತ್ತು. ಸೊಂಟ ಇದೆಯೋ ಇಲ್ಲವೋ ಅನ್ನುವಷ್ಟು ಸಣ್ಣ. ಮಣ್ಣಿನ ಉಂಡೆಯನ್ನು ಬಂಡೆಗೆ ಒತ್ತುವಾಗ ಅದು ಮೈಯನ್ನೆಲ್ಲ ನಡುಗಿಸಿ ಸಣ್ಣಗೆ ಒಂದು ಸ್ವರ ಹೊರಡಿಸುತ್ತದೆ. ಮಣ್ಣು ಹದಕ್ಕೆ ಬರಲೆಂದು ಹಾಗೆ ಮಾಡುತ್ತದೆ ಎಂಬುದು ಹುಳದಕ್ಕನಿಗೆ ಗೊತ್ತಿಲ್ಲದ ಸಂಗತಿಯಲ್ಲ. ಆದರೆ ನಾಲ್ಕು ದಿನ ಯಾವ ದನಿಯೂ ಬೀಳದ ಕಿವಿಗೆ ಅದು, ಒಳಮನೆಯಲ್ಲಿ ಯಾರೋ ಕೆಲಸ ಮಾಡುತ್ತ ತಮ್ಮಷ್ಟಕ್ಕೆ ಹಾಡಿಕೊಂಡಂತೆ ಕೇಳಿಸಿತು. ಅವಳು ಸ್ಟೂಲು ಎಳೆದುಕೊಂಡು ಕೂತಳು. ಹುಳ ಹೋಯಿತು, ಬಂತು. ಉಂಡೆ ಒತ್ತಿತು, ಹಾಡಿತು, ಮತ್ತೆ ಹೋಯಿತು. ಇಪ್ಪತ್ತಾರು ಸಲ. ಅವಳ ಕೈಯಲ್ಲಿ ಚಾಕೂ ಇತ್ತು, ಒದ್ದೆ ಹತ್ತಿಯೂ ಇತ್ತು.

ಬರಿಬಂಡೆ ತಾನೆ, ಬಣ್ಣದಿಂದ ಮೂರು ಮಾರು ದೂರ, ಇದೊಂದಿದ್ದರೆ ಏನು ಮುಳುಗಿಹೋಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು. ನಾಳೆ ತೆಗೆದರಾಯಿತು ಎಂದಳು. ಸಂಜೆ ರಿಜಿಸ್ಟರು ತೆರೆದಾಗ ಎರಡನೆಯ ಕಾಲಮ್ಮಿನ ಮುಂದೆ ಪೆನ್ನು ಒಂದು ಗಳಿಗೆ ನಿಂತಿತು. ಒಂದು ಎಂದು ಬರೆದರೆ ಯಾಕೆ ಉಳಿಯಿತು ಎಂದು ಪಕ್ಕದಲ್ಲಿ ಕಾರಣ ಬರೆಯಬೇಕು. ಯಾವ ಕಾರಣ ಬರೆಯುವುದು? ಹಾಡುತ್ತಿತ್ತು ಎಂದೇ? ಅವಳು ಸೊನ್ನೆ ಬರೆದಳು. ಮರುದಿನ ಹುಳ ಎರಡನೆಯ ಮಡಕೆಗೆ ಕೈಹಾಕಿತ್ತು, ಅವಳು ಮತ್ತೆ ಸೊನ್ನೆ ಬರೆದಳು. ಮೂರನೆಯ ದಿನದಿಂದ ಪೆನ್ನು ನಿಲ್ಲುವುದನ್ನೂ ಬಿಟ್ಟಿತು.

ಮೂರು ಮಡಕೆ ಸಾಲಾಗಿ ಮುಗಿದವು. ಅಷ್ಟು ದಿನವೂ ಹುಳದಕ್ಕ ಗೋಡೆಯ ಉಳಿದ ಭಾಗದಲ್ಲಿ ಕಣ್ಣಲ್ಲಿ ಕಣ್ಣಿಟ್ಟು ಹುಡುಕಿ, ಕಂಡ ಗೂಡನ್ನೆಲ್ಲ ತೆಗೆದಳು. ಬಿರುಕಿನ ಹತ್ತಿರ ಬಂದರೆ ಮಾತ್ರ ಕೈ ಮೆತ್ತಗಾಗುತ್ತಿತ್ತು. ಇಷ್ಟು ದುಡಿದು ಸಾಯ್ತೀಯಲ್ಲ, ನಿನಗೆ ಯಾರೂ ದಿಕ್ಕಿಲ್ವಾ ಎಂದು ಹುಳವನ್ನು ಗದರುತ್ತಿದ್ದಳು. ಮೂರನೆಯ ಮಡಕೆಯ ಬಾಯಿ ಮುಚ್ಚಿದ ಮೇಲೆ ಅದು ಹೋಯಿತು, ಮತ್ತೆ ಬರಲಿಲ್ಲ. ಗುಹೆ ಮೊದಲಿನ ಹಾಗಾಯಿತು.

ಚಳಿಗಾಲದ ಕೊನೆಗೆ ಕಚೇರಿಯಿಂದ ಸುತ್ತೋಲೆ ಬಂತು. ಆ ವರ್ಷ ಕೆಲವು ಗುಹೆಗಳ ಬಾಯಿಗೆ ಸಣ್ಣ ಕಣ್ಣಿನ ಬಲೆ ಹಾಕಿಸುತ್ತಾರಂತೆ. ಒಂದಾದರೂ ಗೂಡು ಉಳಿದಿರುವ ಗುಹೆಗೆ ಮೊದಲು, ಸೊನ್ನೆ ಇರುವಲ್ಲಿಗೆ ಮುಂದಿನ ವರ್ಷ. ಅಂಕಿ ಖಚಿತಪಡಿಸಿ ವಾಪಸು ಕಳಿಸಿ ಎಂದಿತ್ತು. ಆ ಹಾಳೆ ಗುಹೆಯ ಬಾಗಿಲ ಬಳಿಯ ಅವಳ ಮೇಜಿನ ಮೇಲೆ ಮೂರು ದಿನ ಬಿದ್ದಿತ್ತು. ಸೊನ್ನೆಯ ಮೇಲೆ ಒಂದು ಗೀಟು ಎಳೆದು ಪಕ್ಕದಲ್ಲಿ ಮೂರು ಎಂದು ಬರೆದಿದ್ದರೆ ಬಲೆ ಬರುತ್ತಿತ್ತು. ಜೊತೆಗೆ, ಇಪ್ಪತ್ತು ವರ್ಷ ಒಂದನ್ನೂ ಬಿಡದವಳು ಈಗ ಯಾಕೆ ಬಿಟ್ಟಳು ಎಂಬ ಪ್ರಶ್ನೆಯೂ ಬರುತ್ತಿತ್ತು. ಈಗಲಾದರೂ ಕಿತ್ತುಬಿಡೋಣ, ಆಗ ಸೊನ್ನೆ ನಿಜವೇ ಆಗುತ್ತದೆ ಎಂದುಕೊಂಡು ಅವಳು ಒಂದು ಬೆಳಿಗ್ಗೆ ಚಾಕು ಹಿಡಿದು ಬಿರುಕಿನ ಹತ್ತಿರ ಹೋದಳು. ಮೂರು ಮಡಕೆಗೂ ತೂತು ಬಿದ್ದಿತ್ತು. ಮಕ್ಕಳು ಆಗಲೇ ಹಾರಿಹೋಗಿದ್ದವು. ಅವಳಿಗೆ ನಾಚಿಕೆಗಿಂತ ಮೊದಲು ಸಂತೋಷವಾಯಿತು, ಅದನ್ನು ಅವಳು ಆಮೇಲೆ ಎಷ್ಟೋ ಸಲ ನೆನೆದು ಹಣೆ ಚಚ್ಚಿಕೊಂಡಳು. ಖಾಲಿ ಗೂಡುಗಳನ್ನು ಕಿತ್ತು, ಪುಡಿ ಗುಡಿಸಿ, ಸೊನ್ನೆ ಸರಿಯಿದೆ ಎಂದು ಬರೆದು ಹಾಳೆ ಕಳಿಸಿದಳು. ಬಲೆ ಬೇರೆ ಗುಹೆಗೆ ಹೋಯಿತು.

ಅದೇ ವಾರ ಅಕ್ಕ ಬಚ್ಚಲಲ್ಲಿ ಜಾರಿ ಬಿದ್ದಳು. ಮಂಡಿಗೆ ಆಪರೇಷನ್ ಆಯಿತು. ಭಾವನಿಗೆ ನೀರು ಕಾಯಿಸಲೂ ಬರುವುದಿಲ್ಲ, ಬಂದರೂ ಕುದಿಯುವ ಸದ್ದು ಕೇಳಿಸುವುದಿಲ್ಲ. ಹುಳದಕ್ಕ ಹತ್ತು ದಿನದ ರಜೆ ಬರೆದು ಹೊರಟಳು. ಗುಹೆಯ ಬೀಗದ ಕೈಯನ್ನು ಗೇಟಿನವನಿಗೆ ಕೊಟ್ಟು, ದಿನಕ್ಕೊಂದು ಸಲ ಹತ್ತಿ ನೋಡಪ್ಪ ಅನ್ನಬಹುದಿತ್ತು. ಆ ಯೋಚನೆ ಬಾರದೇ ಇರಲಿಲ್ಲ. ಆದರೆ ಆ ಕೈಯನ್ನು ಅವಳು ಈ ತನಕ ಯಾರಿಗೂ ಕೊಟ್ಟಿರಲಿಲ್ಲ. ಅವನು ಚಪ್ಪಲಿ ಹಾಕಿಕೊಂಡೇ ಒಳಗೆ ಹೋಗುತ್ತಾನೆ, ಗೋಡೆ ಮುಟ್ಟುತ್ತಾನೆ, ಬಿಂದಿಗೆಯವಳ ಮುಂದೆ ನಿಂತು ಬೀಡಿ ವಾಸನೆ ಬಿಡುತ್ತಾನೆ ಎಂದೆಲ್ಲ ಕಲ್ಪಿಸಿಕೊಂಡು, ಬೀಗದ ಕೈಯನ್ನು ತನ್ನ ಚೀಲದೊಳಗೆ ಸೇರಿಸಿದಳು. ಬಾಗಿಲೆಂದರೆ ಕಬ್ಬಿಣದ ಸರಳಿನದು. ಮನುಷ್ಯರನ್ನು ತಡೆಯುತ್ತದೆ, ಹುಳವನ್ನಲ್ಲ.

ಅಕ್ಕನ ಮನೆಯಲ್ಲಿ ಹತ್ತು ದಿನ ಅಡುಗೆ, ಔಷಧಿ, ಮಾತು. ಟಿವಿಯ ಗಲಾಟೆಯಲ್ಲಿ ಅವಳಿಗೆ ತಲೆ ಸಿಡಿಯುತ್ತಿತ್ತು, ಆದರೂ ಚೆನ್ನಾಗಿತ್ತು. ಹೊರಡುವ ದಿನ ಅಕ್ಕ ಹಾಸಿಗೆಯಿಂದಲೇ ಕೈ ಹಿಡಿದುಕೊಂಡು, ಇನ್ನೆರಡು ದಿನ ಇರೇ ಎಂದಳು. ಇರಲಾಗುವುದಿಲ್ಲ, ಇದು ಗೂಡು ಕಟ್ಟುವ ಕಾಲ ಎಂದು ಹುಳದಕ್ಕ ಕೈ ಬಿಡಿಸಿಕೊಂಡು ಬಂದಳು.

ಬಂದ ಬೆಳಿಗ್ಗೆ ಬಾಗಿಲು ತೆರೆದು ಟಾರ್ಚು ಹಾಯಿಸಿದಳು. ಮೆರವಣಿಗೆಯ ಮೇಲೆ ಅಲ್ಲಲ್ಲಿ ಮಣ್ಣಿನ ಗಂಟುಗಳು. ಪಲ್ಲಕ್ಕಿಯ ಕಾಲಿನ ಮೇಲೆ ಎರಡು, ಕುದುರೆಯ ಹೊಟ್ಟೆಯ ಮೇಲೆ ಒಂದು, ಕೊಡೆ ಹಿಡಿದವನ ಭುಜದ ಮೇಲೆ ಮೂರು. ಎಣಿಸುತ್ತ ಹೋದಳು. ಹದಿಮೂರು ಆಯಿತು. ಹದಿನಾಲ್ಕನೆಯದು ಎಡಗಡೆ ಕೆಳಮೂಲೆಯಲ್ಲಿತ್ತು. ಬಿಂದಿಗೆಯವಳ ಬಲಗೆನ್ನೆಯನ್ನೂ ಬಲಗಣ್ಣನ್ನೂ ಮುಚ್ಚಿ, ಗೂಡಿನ ಬಾಯಿಯೂ ಮುಚ್ಚಿ, ಒಣಗಿ ಕೂತಿತ್ತು. ಉಳಿದ ಒಂದು ಕಣ್ಣಿನಿಂದ ಅವಳು ಹುಳದಕ್ಕನನ್ನು ನೋಡುತ್ತಿದ್ದಳು.

ಹದಿಮೂರು ಗೂಡಿಗೆ ಒಂಬತ್ತು ದಿನ ಹಿಡಿಯಿತು. ಸ್ಪಿರಿಟ್ಟಿಗೆ ನೀರು ಬೆರೆಸಿ, ಸಣ್ಣ ಬ್ರಷ್ಷಿನ ತುದಿಯಿಂದ ಒಂದು ಹನಿ ಇಟ್ಟು, ಮಣ್ಣು ಮೆತ್ತಗಾಗುವ ತನಕ ಕಾದು, ಬಿದಿರ ಕಡ್ಡಿಯಿಂದ ಸಾಸಿವೆಯಷ್ಟು ತೆಗೆಯುವುದು. ಮತ್ತೆ ಹನಿ, ಮತ್ತೆ ಕಾಯುವುದು. ಹನಿ ಹೆಚ್ಚಾದರೆ ಬಣ್ಣ ಕರಗುತ್ತದೆ, ಕಡಿಮೆಯಾದರೆ ಮಣ್ಣು ಬಿಡುವುದಿಲ್ಲ. ಪ್ರತಿ ಗೂಡಿನ ಒಳಗೆ ಒಂದೊಂದು ಬಿಳಿ ಮರಿಹುಳ, ಸುತ್ತ ಅದಕ್ಕೆಂದು ತಾಯಿ ತುಂಬಿಟ್ಟ ಆಹಾರ. ಅವನ್ನೆಲ್ಲ ಅವಳು ಸ್ಪಿರಿಟ್ಟಿನ ಬಾಟಲಿಗೆ ಹಾಕಿದಳು. ಹೋದ ವರ್ಷ ಆ ಹಾಡಿಗೆ ಕಿವಿಗೊಟ್ಟು ಕೂತವಳು ತಾನೇ ಎಂದು ನೆನಪಾದಾಗಲೆಲ್ಲ ಬಾಟಲಿಯ ಮುಚ್ಚಳವನ್ನು ಇನ್ನೊಂದು ಸುತ್ತು ಬಿಗಿ ಮಾಡುತ್ತಿದ್ದಳು. ಪಲ್ಲಕ್ಕಿ ಉಳಿಯಿತು. ಕುದುರೆ ಉಳಿಯಿತು. ಕೊಡೆಯವನ ಭುಜದಲ್ಲಿ ಉಗುರಿನಷ್ಟು ಕೆಂಪು ಹೋಯಿತು, ಅಷ್ಟೇ.

ಹದಿನಾಲ್ಕನೆಯದನ್ನು ಕೊನೆಗೆ ಇಟ್ಟುಕೊಂಡಿದ್ದಳು. ಐದು ದಿನ ಅದರ ಮುಂದೆ ಮಂಡಿಯೂರಿದಳು. ಭೂತಗನ್ನಡಿಯನ್ನು ಹಣೆಗೆ ಕಟ್ಟಿಕೊಂಡು, ಉಸಿರು ಗೋಡೆಗೆ ತಾಗದಂತೆ ಮೂಗಿಗೆ ಬಟ್ಟೆ ಸುತ್ತಿಕೊಂಡು. ಮೊದಲು ಕೆನ್ನೆ ಹೊರಗೆ ಬಂತು. ಆಮೇಲೆ ಹುಬ್ಬಿನ ತುದಿ. ಮೂರನೆಯ ದಿನದ ಹೊತ್ತಿಗೆ ಕಣ್ಣಿನ ಮೇಲೆ ಉಳಿದದ್ದು ಈರುಳ್ಳಿ ಸಿಪ್ಪೆಯಷ್ಟು ತೆಳು ಮಣ್ಣು. ಒಳಗಿನ ಕಪ್ಪು ಮಸುಕಾಗಿ ಕಾಣುತ್ತಿತ್ತು. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಯಮವೂ ಅದನ್ನೇ ಹೇಳುತ್ತದೆ: ಅನುಮಾನವಿದ್ದರೆ ಮುಟ್ಟಬೇಡ, ಬರೆದಿಡು, ಮುಂದೊಂದು ದಿನ ಇನ್ನೂ ಒಳ್ಳೆಯ ಔಷಧಿಯಿರುವವರು ಬಂದಾರು. ಆದರೆ ಮಣ್ಣಿನ ಪೊರೆ ಬಂದ ಆ ಕಣ್ಣನ್ನು ದಿನಾ ನೋಡಿಕೊಂಡಿರುವ ಶಕ್ತಿ ಅವಳಲ್ಲಿರಲಿಲ್ಲ. ಐದನೆಯ ದಿನ ಮಧ್ಯಾಹ್ನ ಒಂದು ಹನಿ ಇಟ್ಟಳು, ಕಾದಳು, ಕಡ್ಡಿಯ ತುದಿಯನ್ನು ಅಂಚಿಗೆ ಸಿಕ್ಕಿಸಿದಳು. ಪೊರೆ ಒಂದೇ ಸಲಕ್ಕೆ ಎದ್ದಿತು. ಅಬ್ಬಾ ಅಂದುಕೊಂಡಳು. ಗೋಡೆ ನೋಡಿದರೆ ಅಲ್ಲಿ ಬರಿ ಗಾರೆಯಿತ್ತು. ಕಡ್ಡಿಯ ತುದಿಯಲ್ಲಿ ಮಣ್ಣಿನ ಚೂರನ್ನು ತಿರುಗಿಸಿದಳು. ಕಣ್ಣು ಅದರ ಬೆನ್ನಿಗೆ ಅಂಟಿಕೊಂಡಿತ್ತು, ಒಂದು ಗೆರೆಯೂ ಕೆಡದೆ. ಗಾಜಿನ ತಟ್ಟೆಗೆ ಇಳಿಸುವಷ್ಟರಲ್ಲಿ ಒದ್ದೆ ಮಣ್ಣು ಒಡೆದು ಪುಡಿಯಾಯಿತು.

ಅವಳು ಅಳಲಿಲ್ಲ. ಟಾರ್ಚು ಆರಿಸಿ ಗೋಡೆಗೆ ಬೆನ್ನು ಕೊಟ್ಟು ಕೂತಳು. ಯಾರಿಗಾದರೂ ಹೇಳಬೇಕು ಅನ್ನಿಸಿತು. ಅಕ್ಕನಿಗೆ ಹೇಳಿದರೆ, ಅಯ್ಯೋ ಒಂದು ಚಿತ್ರದ ಕಣ್ಣು ತಾನೆ ಅನ್ನುತ್ತಾಳೆ. ಕಚೇರಿಯವರ ಬಳಿ ದೂರದಿಂದ ತೆಗೆದ ಒಂದು ಹಳೆಯ ಫೋಟೋ ಇತ್ತು. ಅದರಲ್ಲಿ ಬಿಂದಿಗೆಯವಳು ಬೆರಳಿನುಗುರಿನಷ್ಟು, ಮುಖ ಒಂದು ಚುಕ್ಕೆ. ಆ ಎರಡು ಕಣ್ಣು ಹೇಗೆ ನೋಡುತ್ತಿದ್ದವು ಎಂಬುದು ಈ ಭೂಮಿಯ ಮೇಲೆ ಗೊತ್ತಿದ್ದದ್ದು ತನಗೊಬ್ಬಳಿಗೇ ಎಂದು ಅವಳಿಗೆ ಆಗ ಹೊಳೆಯಿತು. ಒಂಟಿತನ ಎಂದರೆ ಏನೆಂದು ತನಗೆ ಗೊತ್ತಿದೆ ಎಂದುಕೊಂಡಿದ್ದಳು. ಅದಕ್ಕೆ ಇನ್ನೂ ಒಂದು ಮೆಟ್ಟಿಲು ಕೆಳಗಿತ್ತು.

ಆದ ಹಾನಿಯ ವರದಿ ಕಳಿಸಿದ ಹನ್ನೆರಡನೆಯ ದಿನ ವಲಯದ ಅಧಿಕಾರಿ ಬಂದರು. ಅವಳಿಗಿಂತ ಹದಿನೈದು ವರ್ಷ ಚಿಕ್ಕವರು, ಮರ್ಯಾದಸ್ಥರು. ಮೆಟ್ಟಿಲು ಹತ್ತಿ ಬೆವರಿದ್ದರೂ ಹೊರಗೆ ನಿಂತು ಬೆವರು ಒರೆಸಿಕೊಂಡೇ ಒಳಗೆ ಬಂದರು. ಫೋಟೋ ತೆಗೆದರು, ಹದಿನಾಲ್ಕು ಜಾಗವನ್ನೂ ನೋಡಿದರು, ಹದಿಮೂರರಲ್ಲಿ ಅವಳ ಕೈಚಳಕವನ್ನು ಬಾಯಿ ತುಂಬ ಹೊಗಳಿದರು. ಸ್ಟೂಲಿನ ಮೇಲೆ ಕೂತು, ರಜೆ ಮಂಜೂರಾಗಿತ್ತು, ಬದಲಿ ಜನ ಕಳಿಸಬೇಕಾದದ್ದು ನಾವು, ಹೋದ ವರ್ಷ ಸೊನ್ನೆಯಿದ್ದ ಕಡೆ ಈ ವರ್ಷ ಹೀಗೆ ಮುತ್ತುತ್ತವೆ ಎಂದು ಯಾರಿಗೆ ಗೊತ್ತಿತ್ತು, ನಿಮ್ಮದೇನೂ ತಪ್ಪಿಲ್ಲ, ಹಾಗೆಂದೇ ಬರೆಯುತ್ತೇನೆ ಎಂದರು. ಪೆನ್ನು ತೆಗೆದರು.

ಸುಮ್ಮನಿದ್ದರೆ ಮುಗಿದುಹೋಗುತ್ತಿತ್ತು. ಹುಳದಕ್ಕ ನಾಲಿಗೆ ಕಚ್ಚಿಕೊಂಡು ಸುಮ್ಮನಿರಲು ನೋಡಿದಳು. ಆದರೆ ಎಡಮೂಲೆಯಿಂದ ಒಂದು ಕಣ್ಣು ಅವಳನ್ನೇ ನೋಡುತ್ತಿತ್ತು.

"ಹೋದ ವರ್ಷದ ಸೊನ್ನೆ ಸುಳ್ಳು ಸರ್," ಎಂದಳು.

ಅವರ ಪೆನ್ನು ನಿಂತಿತು. "ಅಂದ್ರೆ?"

"ಒಂದು ಹುಳ ಬಿಟ್ಟಿದ್ದೆ. ಆ ಬಿರುಕಲ್ಲಿ. ಮೂರು ಗೂಡು ಕಟ್ತು. ಇವು ಅದರ ಮಕ್ಕಳು."

"ನೋಡಿರ್ಲಿಲ್ವಾ?"

"ನೋಡಿದ್ದೆ."

"ಮತ್ತೆ ಯಾಕೆ ಬಿಟ್ರಿ ಮೇಡಂ?"

ಇದ್ದದ್ದನ್ನೇ ಹೇಳಿದಳು. "ಕೆಲಸ ಮಾಡುವಾಗ ಅದು ಸದ್ದು ಮಾಡ್ತಿತ್ತು."

"ಮಾಡಿದ್ರೆ?"

"ಕೇಳ್ತಾ ಕೂತಿದ್ದೆ."

ಅವರು ಅವಳನ್ನು ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. ಮೆತ್ತಗೆ ಕೇಳಿದರು. "ಇಂಥ ಸೊನ್ನೆ ಇನ್ನೆಷ್ಟಿವೆ?"

"ಇದೊಂದೇ ಸರ್. ಆ ಒಂದು ಸಲದ್ದೇ."

ಅವರು ತಲೆಯಾಡಿಸಿ ಏನೋ ಬರೆದುಕೊಂಡರು. ನಂಬಲಿಲ್ಲ ಎಂದು ಅವಳಿಗೆ ಗೊತ್ತಾಯಿತು. ನಂಬಲು ಕಾರಣವಾದರೂ ಏನಿತ್ತು? ಇಪ್ಪತ್ತು ವರ್ಷದ ರಿಜಿಸ್ಟರುಗಳು ಗುಹೆಯಲ್ಲೇ, ಮೇಜಿನ ಪಕ್ಕದ ಕಬ್ಬಿಣದ ಕಪಾಟಿನಲ್ಲಿದ್ದವು. ಜೀಪಿನ ಡ್ರೈವರು ಅವನ್ನೆಲ್ಲ ಎರಡು ಸಲ ಹತ್ತಿಳಿದು ಹೊತ್ತೊಯ್ದ. ಕಪಾಟು ಖಾಲಿಯಾದ ಮೇಲೆ ಅದರ ಬಾಗಿಲು ಹಾಕಿದರೆ ಡಂಗೆಂದು ಸದ್ದಾಗುತ್ತಿತ್ತು.

ತಿಂಗಳ ನಂತರ ಆದೇಶ ಬಂತು. ಅವಳನ್ನು ತೆಗೆದಿರಲಿಲ್ಲ, ಎತ್ತಂಗಡಿಯನ್ನೂ ಮಾಡಿರಲಿಲ್ಲ. ಗುಹೆಗೆ ಬಲೆ ಮಂಜೂರಾಗಿತ್ತು. ಎರಡನೆಯ ಬೀಗದ ಕೈ ಗೇಟಿನವನ ಬಳಿ ಇರತಕ್ಕದ್ದು. ದಿನವೂ ಅವನು ಮೇಲೆ ಹೋಗಿ ಇಡೀ ಗೋಡೆಯನ್ನು ಸ್ವತಃ ಪರೀಕ್ಷಿಸಿ, ಎರಡೂ ಅಂಕಿಗಳನ್ನು ತನ್ನ ಕೈಯಲ್ಲೇ ಬರೆದು ಸಹಿ ಹಾಕತಕ್ಕದ್ದು. ಅವನ ಸಹಿಯಿಲ್ಲದ ಪುಟ ಲೆಕ್ಕಕ್ಕಿಲ್ಲ. ಹುಳದಕ್ಕ ಅದನ್ನು ಎರಡು ಸಲ ಓದಿದಳು. ಕೆಲಸಕ್ಕೆ ಜೊತೆಗೆ ಇನ್ನೊಬ್ಬರನ್ನು ಕೊಡಿ ಎಂದು ಏಳು ವರ್ಷ ಅರ್ಜಿ ಬರೆದು ಸೋತು ಕೈಬಿಟ್ಟವಳು ಅವಳು. ಈಗ ಕೇಳದೆ ಕೊಟ್ಟಿದ್ದರು. ಅವಳಿಗೆ ಒಮ್ಮೆ ನಗು ಬಂತು, ಆಮೇಲೆ ಅಷ್ಟು ದಿನ ಬಾರದಿದ್ದ ಅಳು ಬಂತು.

ಮೊದಲ ದಿನ ಗೇಟಿನವನು ಏದುಸಿರು ಬಿಡುತ್ತ ನಡುನಡುವೆ ಮೂರು ಕಡೆ ಕೂತು ಮೇಲೆ ಬಂದ. ಅವಳು ಹೇಳುವ ಮುಂಚೆಯೇ ಚಪ್ಪಲಿ ಕಳಚಿ ಪಕ್ಕಕ್ಕಿಟ್ಟ. ಆ ಬೆಳಿಗ್ಗೆ ಬೀಡಿ ಸೇದಿರಲಿಲ್ಲ ಎಂದು ಕಾಣುತ್ತದೆ, ಬರಿ ಸೋಪಿನ ವಾಸನೆ ಬಂತು. ನಾನು ಆಗಲೇ ನೋಡಿದ್ದೀನಿ, ಏನೂ ಇಲ್ಲ, ಸುಮ್ಮನೆ ಸಹಿ ಹಾಕು ಎಂದಳು ಹುಳದಕ್ಕ, ಅವನ ಸುಸ್ತು ನೋಡಲಾರದೆ.

ಅವನು ಮುಖ ಸಣ್ಣದು ಮಾಡಿಕೊಂಡ. "ನಿಮ್ಮ ಮಾತು ಕೇಳಬಾರದು ಅಂತ ಸಾಹೇಬ್ರು ಹೇಳಿದಾರೆ ಅಕ್ಕ. ಬೇಜಾರು ಮಾಡ್ಕೋಬೇಡಿ."

ಅವಳು ಬಾಗಿಲ ಬಳಿ ಸರಿದು ನಿಂತಳು. ಅವನು ಕನ್ನಡಕ ಹಾಕಿಕೊಂಡು, ಟಾರ್ಚು ಹಿಡಿದು, ಬಲತುದಿಯಿಂದ ಶುರುಮಾಡಿದ. ಒಂದು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದ, ಅಪ್ಪಿತಪ್ಪಿ ಗೋಡೆಗೆ ತಾಗದಿರಲೆಂದು. ಕೊಡೆಯವನನ್ನು ನೋಡಿದ, ಕುದುರೆ ನೋಡಿದ, ಪಲ್ಲಕ್ಕಿಯ ದಪ್ಪ ಮನುಷ್ಯನ ಮುಂದೆ ನಿಂತು ತನ್ನ ಹೊಟ್ಟೆಯನ್ನೊಮ್ಮೆ ನೋಡಿಕೊಂಡ. ಅವನಷ್ಟು ನಿಧಾನವಾಗಿ, ಅಷ್ಟು ಆಸೆಯಿಂದ ಯಾರಾದರೂ ಆ ಗೋಡೆಯನ್ನು ನೋಡಿದ್ದನ್ನು ಅವಳು ಕಂಡು ವರ್ಷಗಳೇ ಆಗಿದ್ದವು. ಅರ್ಧ ಗಂಟೆಯ ಮೇಲೆ ಎಡಗಡೆ ಕೆಳಮೂಲೆಗೆ ಬಂದು ಮಂಡಿಯೂರಿದ. ಟಾರ್ಚು ಅಲ್ಲೇ ನಿಂತಿತು.

"ಈಯಮ್ಮನ ಇನ್ನೊಂದು ಕಣ್ಣು ಏನಾಯ್ತಕ್ಕ?"

"ನಾನು ಕಳೆದೆ," ಎಂದಳು.

ಅವನು ತಿರುಗಿ ನೋಡಲಿಲ್ಲ. ಟಾರ್ಚನ್ನು ಆ ಕಡೆ ಈ ಕಡೆ ಆಡಿಸಿ, ಉಳಿದ ಕಣ್ಣಿಗೆ ಹಿಡಿದು ಬಹಳ ಹೊತ್ತು ನೋಡಿದ. "ಎರಡೂ ಇದ್ದಾಗ ಹೆಂಗಿತ್ತು?"

ರೆಪ್ಪೆಯ ಗೆರೆ ಎಲ್ಲಿ ದಪ್ಪ ಎಲ್ಲಿ ಸಣ್ಣ, ಕಪ್ಪಿನೊಳಗೆ ಬಿಳಿ ಚುಕ್ಕೆ ಯಾವ ಕಡೆ, ಎಲ್ಲವೂ ಅವಳಿಗೆ ಕಣ್ಣಿಗೆ ಕಟ್ಟಿದಂತಿತ್ತು. ಹೇಳಲು ಬಾಯಿ ತೆರೆದರೆ ಒಂದೇ ಮಾತು ಹೊರಟಿತು. "ನೋಡ್ತಿತ್ತು."

ಅವನು ಗೋಡೆಯಿಂದ ಹಿಂದೆ ಸರಿದು, ಎದ್ದು, ಮಂಡಿಯ ಧೂಳು ಒರೆಸಿಕೊಂಡ. ದೂರುವ ದನಿಯೇನೂ ಇರಲಿಲ್ಲ ಅವನದು, ಬೇಸರವಷ್ಟೇ ಇತ್ತು.

"ಹನ್ನೆರಡು ವರ್ಷ ಕೆಳಗೇ ಕೂತಿದ್ದೆನಲ್ಲಕ್ಕ. ಒಂದು ದಿನ ಕರೆದಿದ್ರೆ ನಾನೂ ನೋಡಿರ್ತಿದ್ದೆ."

ಹುಳದಕ್ಕ ಬಾಗಿಲ ಸರಳು ಹಿಡಿದುಕೊಂಡು ನಿಂತಿದ್ದಳು. ಅವನು ರಿಜಿಸ್ಟರು ತೆಗೆದು, ಮೇಜಿನ ಮೇಲೆ ಬಗ್ಗಿ, ದಪ್ಪ ಅಕ್ಷರದಲ್ಲಿ ನಿಧಾನವಾಗಿ ಎರಡು ಕಾಲಮ್ಮನ್ನೂ ತುಂಬಿದ. ತನ್ನ ಸಹಿ ಹಾಕಿ, ಪಕ್ಕದಲ್ಲಿ ಅವಳ ಸಹಿಗೆ ಜಾಗ ಬಿಟ್ಟು, ಪುಸ್ತಕವನ್ನು ಅವಳ ಕಡೆಗೆ ತಿರುಗಿಸಿ ಪೆನ್ನು ಚಾಚಿದ.